ಒರೆಸಬಾರದ ಗಾಜು

ಜನವರಿ ೯

ಕಡ್ಡಿಗೆ,

ನಿನ್ನನ್ನು ಹೀಗೆ ಕರೆಯುವವರು ಈಗ ಯಾರೂ ಉಳಿದಿರಲಿಕ್ಕಿಲ್ಲ. ಅರವತ್ತೆಂಟರ ಹೆಂಗಸನ್ನು ಕಡ್ಡಿ ಎನ್ನುವುದು ಸರಿಯಲ್ಲ ಎಂದೂ ಗೊತ್ತು. ಆದರೆ ಬೇರೆ ಹೆಸರಿನಿಂದ ಶುರು ಮಾಡಿದರೆ ಯಾರೋ ಗುರುತಿಲ್ಲದವಳಿಗೆ ಬರೆದ ಹಾಗಾಗುತ್ತದೆ. ಗುರುತಿಲ್ಲದವರಿಗೆ ಪತ್ರ ಬರೆಯುವ ಅಭ್ಯಾಸ ನನಗಿಲ್ಲ.

ನಾನು ಗಾಜಿನಕ್ಕ. ಪ್ರಯೋಗಾಲಯದ ಹಿಂದಿನ ಕೋಣೆಯಲ್ಲಿ ಗಾಜಿನ ತಟ್ಟೆ, ನಳಿಕೆ ತೊಳೆಯುತ್ತಿದ್ದವಳು. ನೀನು ಮುಂದಿನ ಕೋಣೆಯಲ್ಲಿ ಸೂಕ್ಷ್ಮದರ್ಶಕಕ್ಕೆ ಕಣ್ಣಿಟ್ಟು ಕೂರುತ್ತಿದ್ದೆ. ನಮ್ಮಿಬ್ಬರ ನಡುವೆ ಗೋಡೆಯಲ್ಲಿ ಒಂದು ಸಣ್ಣ ಕಿಟಕಿ. ನಾನು ತೊಳೆದದ್ದನ್ನು ಅಲ್ಲಿ ಇಡುತ್ತಿದ್ದೆ, ನೀನು ತೆಗೆದುಕೊಳ್ಳುತ್ತಿದ್ದೆ. ಮೂರು ವರ್ಷ ಆ ಕಿಟಕಿಯಲ್ಲೇ ಮಾತಾಡಿದೆವು.

ನಿನ್ನ ವಿಳಾಸ ಆಸ್ಪತ್ರೆಯ ಕಡತ ವಿಭಾಗದಲ್ಲಿತ್ತು. ಹೋದ ವರ್ಷ ಯಾವುದೋ ಪ್ರಮಾಣಪತ್ರ ಕೇಳಿ ಬರೆದಿದ್ದೆಯಂತೆ. ಅಲ್ಲಿನ ಗುಮಾಸ್ತ ಕೊಡುವುದಿಲ್ಲ ಎಂದ. ಅವನ ಮೇಜಿನ ಮುಂದೆ ಒಂದೂವರೆ ಗಂಟೆ ಸುಮ್ಮನೆ ಕೂತೆ. ಕೊಟ್ಟ.

ವಿಷಯಕ್ಕೆ ಬರುತ್ತೇನೆ. ನಮ್ಮ ಆಸ್ಪತ್ರೆಯ ಮೊದಲ ಪ್ರನಾಳ ಶಿಶುವಿಗೆ ಈ ಜೂನ್‌ನಲ್ಲಿ ನಲವತ್ತು ತುಂಬುತ್ತದೆ. ಈಗಿನ ಮುಖ್ಯಸ್ಥೆ ನನ್ನ ಮಗಳಿಗಿಂತ ಚಿಕ್ಕ ವಯಸ್ಸಿನ ಡಾಕ್ಟರು. ಮೆಟ್ಟಿಲನ್ನು ಎರಡೆರಡಾಗಿ ಹತ್ತಿ ನಮ್ಮ ಮನೆಗೆ ಬಂದಳು. ಆಸ್ಪತ್ರೆಯ ಹಜಾರದಲ್ಲಿ ಒಂದು ಗೋಡೆ ಮಾಡುತ್ತಾರಂತೆ. ದೊಡ್ಡ ಡಾಕ್ಟರ ಹೆಸರು ಹಿತ್ತಾಳೆಯಲ್ಲಿ ಎಂದೋ ಬಂದಿದೆ. ಅವರು ತೀರಿಕೊಂಡು ಹತ್ತು ವರ್ಷವಾಯಿತು. ಈಗ ಉಳಿದವರ ಸರದಿ ಎಂದಳು. ಜಗತ್ತಿನಲ್ಲೇ ಇಂಥ ಮೊದಲ ಮಗು ಹುಟ್ಟಿದ ಕಡೆಯಲ್ಲಿ, ಡಾಕ್ಟರುಗಳ ಜೊತೆ ವರ್ಷಗಟ್ಟಲೆ ದುಡಿದ ನರ್ಸೊಬ್ಬಳ ಹೆಸರನ್ನು ಮೊದಲ ಫಲಕದಲ್ಲಿ ಬಿಟ್ಟೇ ಬಿಟ್ಟಿದ್ದರಂತೆ. ಅವಳು ಸತ್ತು ಎಷ್ಟೋ ವರ್ಷದ ಮೇಲೆ ಸೇರಿಸಿದರಂತೆ. ನಮ್ಮಲ್ಲಿ ಹಾಗಾಗಬಾರದು ಎಂದು ಮುಖ್ಯಸ್ಥೆಯ ಹಟ.

ಪಟ್ಟಿ ತೋರಿಸಿದಳು. ಅರಿವಳಿಕೆ ಕೊಡುತ್ತಿದ್ದವರು, ಆಪರೇಷನ್ ಕೋಣೆಯ ನರ್ಸು, ನಿನ್ನ ನಂತರ ಬಂದ ಟೆಕ್ನಿಷಿಯನ್, ಕೊನೆಯಲ್ಲಿ ನಾನು. ನೀನಿರಲಿಲ್ಲ. ಯಾಕೆ ಎಂದೆ. ಮೊದಲ ಮಗು ಹುಟ್ಟಿದ ವರ್ಷ ಕೆಲಸದಲ್ಲಿದ್ದವರು ಮಾತ್ರ ಎಂದಳು. ಆ ಕೆಲಸವನ್ನು ಕಟ್ಟಿದವಳೇ ಇಲ್ಲದ ಪಟ್ಟಿ ಯಾವ ಸೀಮೆ ಪಟ್ಟಿ ಎಂದು ಕೇಳಿದೆ. ನೀನು ಲಿಖಿತವಾಗಿ ಒಪ್ಪಿಗೆ ಕೊಟ್ಟು ನಿನ್ನ ಸೇವೆಯ ವಿವರ ಬರೆದರೆ ಮೇ ತಿಂಗಳ ತನಕ ಸೇರಿಸಬಹುದಂತೆ.

ಆದ್ದರಿಂದ ಬರೆ. ತಡ ಮಾಡಬೇಡ. ಇನ್ನೊಂದು ಮಾತೂ ಇದೆ. ಅದು ಇರಲಿ.

ನಲವತ್ತೊಂದು ವರ್ಷದ ಮೇಲೆ,
ಗಾಜಿನಕ್ಕ


ಫೆಬ್ರವರಿ ೪

ಕಡ್ಡಿಗೆ,

ಅಂಚೆಯವನು ನಮ್ಮ ಕಟ್ಟಡಕ್ಕೆ ಹನ್ನೊಂದು ಗಂಟೆಗೆ ಬರುತ್ತಾನೆ. ನಾನು ಕೆಳಗಿಳಿದು ಪೆಟ್ಟಿಗೆಯ ಹತ್ತಿರ ನಿಂತಿರುತ್ತೇನೆ. ಮೂರನೇ ಮಹಡಿಯಿಂದ ಇಳಿಯುವುದು ಮಂಡಿಗೆ ಒಳ್ಳೆಯದು ಎಂದು ಮನೆಯವರಿಗೆ ಹೇಳಿದ್ದೇನೆ.

ಅವರೆಲ್ಲರ ಕಾಲು ಈಗ ನೆಲದ ಮೇಲಿಲ್ಲ. ದೊಡ್ಡ ಮಗ ಸಮಾರಂಭಕ್ಕೆಂದು ಹೊಸ ಅಂಗಿ ಹೊಲಿಯಲು ಕೊಟ್ಟಿದ್ದಾನೆ. ಅವನ ಮಗಳು ನಾನು ಮಾಡಬೇಕಾದ ಭಾಷಣವನ್ನು ತಾನೇ ಬರೆಯುತ್ತೇನೆಂದು ಕೂತಿದ್ದಾಳೆ. "ಅಜ್ಜಿ, ನೀನು ವಿಜ್ಞಾನದ ಎಲೆಮರೆ ಕಾಯಿ ಅಂತ ಶುರು ಮಾಡ್ಲಾ?" ಎಂದಳು. ಕಾಯಿಯಾಗಿ ಉಳಿಯುವ ವಯಸ್ಸು ದಾಟಿ ಬಹಳ ದಿನವಾಯಿತು, ಬೇರೆ ಏನಾದರೂ ಬರೆ ಎಂದೆ. ನನ್ನ ತಂಗಿ ಪಕ್ಕದಲ್ಲೇ ಕೂತು ನಗುತ್ತಿದ್ದಳು. ನಿನಗೆ ಅವಳ ನೆನಪಿರಬಹುದು. ಗಂಡನ ಮನೆ ಬಿಟ್ಟು ಬಂದವಳು ಈಗಲೂ ನನ್ನ ಜೊತೆಗೇ ಇದ್ದಾಳೆ. ನನ್ನ ಮೂರು ಮಕ್ಕಳನ್ನು ಎತ್ತಿ ಆಡಿಸಿದವಳು ಅವಳೇ. ಬೆಳಿಗ್ಗೆ ಏಳಕ್ಕೆ ಮನೆ ಬಿಟ್ಟರೆ ಸಂಜೆ ಆರಕ್ಕೆ ಬರುತ್ತಿದ್ದ ನನ್ನನ್ನು ಮಕ್ಕಳು ಅಮ್ಮ ಎಂದರೂ, ಬಿದ್ದು ಮಂಡಿ ತರಚಿದಾಗ ಓಡುತ್ತಿದ್ದದ್ದು ಚಿಕ್ಕಮ್ಮನ ಹತ್ತಿರ.

ನಿನ್ನ ಉತ್ತರ ಬಾರದ್ದರಿಂದ ಹಳೆಯದನ್ನೆಲ್ಲ ಒಬ್ಬಳೇ ನೆನೆಸಿಕೊಳ್ಳುತ್ತಿದ್ದೇನೆ. ಒಂದು ದಿನ ಚಹಾದ ಹೊತ್ತಿನಲ್ಲಿ ನೀನು ಹೇಳಿದ ಕಥೆ ನೆನಪಾಯಿತು. ದೂರದ ದೇಶದಲ್ಲಿ ಒಬ್ಬಳು ಆರು ವರ್ಷ, ವಾರ ತಪ್ಪಿಸದೆ, ಹೆಂಗಸರ ಅಂಡವನ್ನು ಗಾಜಿನಲ್ಲಿಟ್ಟು ಗಂಡಿನ ಬೀಜದ ಜೊತೆ ಸೇರಿಸಲು ನೋಡುತ್ತಿದ್ದಳು, ಆಗುತ್ತಲೇ ಇರಲಿಲ್ಲ. ಒಮ್ಮೆ ಮನೆಯಲ್ಲಿ ಮಗುವಿಗೆ ಹಲ್ಲು ಬರುವ ಗಲಾಟೆಯಲ್ಲಿ ನಿದ್ದೆಗೆಟ್ಟು ಬಂದವಳು, ಆಯಾಸಕ್ಕೆ ಬೀಜ ತೊಳೆಯುವುದನ್ನು ಕಡಿಮೆ ಮಾಡಿ, ಎರಡನ್ನೂ ಜೊತೆಗಿಟ್ಟು ಕಾಯುವುದನ್ನು ಹೆಚ್ಚು ಮಾಡಿದಳು. ಅವತ್ತೇ ಆಯಿತು. ಮೊದಲ ಬಾರಿಗೆ ಮನುಷ್ಯನ ಅಂಡ ದೇಹದ ಹೊರಗೆ ಒಡೆದು ಎರಡಾಯಿತು. "ತೊಳೆಯೋದು ಕಡಿಮೆ ಮಾಡಿದ್ಲಾ? ನನ್ನ ಕೈಕೆಳಗೆ ಇದ್ದಿದ್ರೆ ಅವತ್ತೇ ಓಡಿಸ್ತಿದ್ದೆ" ಎಂದಿದ್ದೆ ನಾನು. ನೀನು ಚಹಾ ಮೂಗಿಗೆ ಹೋಗುವಷ್ಟು ನಕ್ಕಿದ್ದೆ. ಅವಳ ಹೆಸರನ್ನೂ ಹೇಳಿದ್ದೆ. ನನಗೆ ಮರೆತಿದೆ. ಮರೆತದ್ದಕ್ಕೆ ನಾಚಿಕೆಯಾಗುತ್ತದೆ.

ತೊಳೆಯುವ ಕ್ರಮ ಮಾತ್ರ ಮರೆತಿಲ್ಲ. ನಲ್ಲಿ ನೀರಿನಲ್ಲಿ ಹತ್ತು ಸಲ, ಬಟ್ಟಿ ಇಳಿಸಿದ ನೀರಿನಲ್ಲಿ ಹತ್ತು ಸಲ, ಎರಡು ಸಲ ಬಟ್ಟಿ ಇಳಿಸಿದ ನೀರಿನಲ್ಲಿ ಐದು ಸಲ. ಬೋರಲು ಹಾಕಿ ತಾನಾಗಿ ಒಣಗಲು ಬಿಡಬೇಕು. ಆಮೇಲೆ ಬಿಸಿ ಪೆಟ್ಟಿಗೆ. ಯಾವ ಹಂತದಲ್ಲೂ ಬಟ್ಟೆ ತಾಕಬಾರದು. ನೀನೇ ನೋಟ್‌ಬುಕ್ಕಿನಲ್ಲಿ ಬರೆದು, ನನಗೆ ಓದಿ ಹೇಳಿ, ಕೊನೆಯ ಸಾಲಿನ ಕೆಳಗೆ ಎರಡು ಗೆರೆ ಎಳೆದಿದ್ದೆ. ನಾನು ಹೈಸ್ಕೂಲು ಮುಗಿಸಿದವಳು, ನನಗೇ ಓದಲು ಬರುತ್ತದೆ ಎಂದಿದ್ದೆ.

ಆ ಕೊನೆಯ ಸಾಲಿನ ಬಗ್ಗೆ ನಿನಗೆ ಬರೆಯಬೇಕಾದದ್ದಿದೆ. ಮೊದಲು ನೀನು ಬರೆ.

ದಾರಿ ನೋಡುತ್ತಿರುವ,
ಗಾಜಿನಕ್ಕ


ಫೆಬ್ರವರಿ ೨೧

ಅಕ್ಕನವರಿಗೆ ನಮಸ್ಕಾರ.

ನಿಮ್ಮ ಎರಡು ಪತ್ರಗಳೂ ತಲುಪಿವೆ. ನೀವು ಆರೋಗ್ಯವಾಗಿದ್ದೀರಿ ಎಂದು ತಿಳಿದು ಸಂತೋಷವಾಯಿತು. ನಿಮ್ಮ ಹೆಸರು ಗೋಡೆಯ ಮೇಲೆ ಬರುವುದು ನ್ಯಾಯ. ನಿಮ್ಮಷ್ಟು ಅಚ್ಚುಕಟ್ಟಾಗಿ ಕೆಲಸ ಮಾಡಿದವರನ್ನು ನಾನು ಆಮೇಲೆ ಎಲ್ಲೂ ಕಾಣಲಿಲ್ಲ.

ನನ್ನ ಹೆಸರು ಬೇಡ. ದಯವಿಟ್ಟು ಅವರಿಗೆ ತಿಳಿಸಿಬಿಡಿ.

ಕಾರಣವನ್ನು ಒಮ್ಮೆ ಬರೆಯುತ್ತೇನೆ. ಮತ್ತೆ ಕೇಳಬೇಡಿ. ಕೊನೆಯ ನಾಲ್ಕು ತಿಂಗಳಲ್ಲಿ ಹನ್ನೊಂದು ಹೆಂಗಸರು ಬಂದರು. ಹನ್ನೊಂದೂ ಜನರ ಅಂಡ ಫಲಿಸಿತು. ಎರಡಾಯಿತು, ಕೆಲವು ನಾಲ್ಕಾದವು. ಮರುದಿನ ನೋಡಿದರೆ ಅಂಚು ಕಪ್ಪಗಾಗಿ ಮುದುಡಿರುತ್ತಿದ್ದವು. ಅದಕ್ಕೆ ಮೊದಲು ಹಾಗಾಗುತ್ತಿರಲಿಲ್ಲ. ದೊಡ್ಡ ಡಾಕ್ಟರು ಎಲ್ಲರೆದುರು, "ನಿನ್ನ ಕೈಯಲ್ಲೇ ಏನೋ ಇದೆ" ಎಂದರು.

ನಾನು ಅಳುತ್ತಾ ಕೂರಲಿಲ್ಲ. ಒಂದೊಂದನ್ನೇ ಹುಡುಕಿದೆ. ನೀರು ಬದಲಿಸಿದೆ. ತಲೆಗೆ ಎಣ್ಣೆ ಹಾಕುವುದು ಬಿಟ್ಟೆ. ಕೈ ತೊಳೆಯುವ ಸಾಬೂನು ಬದಲಿಸಿದೆ. ಕಾವುಪೆಟ್ಟಿಗೆಯ ಬಿಸಿಯನ್ನು ಗಂಟೆಗೊಮ್ಮೆ ಬರೆದಿಟ್ಟೆ. ಗೋಡೆಗೆ ಬಳಿದ ಬಣ್ಣದ ವಾಸನೆಯನ್ನೂ ಅನುಮಾನಿಸಿದೆ. ಗಾಜಿನ ಬಗ್ಗೆ ನಿಮ್ಮನ್ನೂ ಕೇಳಿದೆ, ನಿಮಗೆ ನೆನಪಿರಲಿಕ್ಕಿಲ್ಲ. ನೀವು ಇಲ್ಲ ಎಂದಿರಿ. ಅನುಮಾನದ ಪಟ್ಟಿಯಿಂದ ಗಾಜನ್ನೂ ಹೊಡೆದು ಹಾಕಿದೆ. ಎಲ್ಲ ಹೊಡೆದು ಹಾಕಿದ ಮೇಲೆ ಪಟ್ಟಿಯಲ್ಲಿ ಉಳಿದದ್ದು ನನ್ನ ಕೈ ಒಂದೇ.

ನಾನು ಹೋದ ಮೇಲೆ ಬಂದವರ ಕೈಯಲ್ಲಿ ನಾಲ್ಕನೆಯ ಹೆಂಗಸಿಗೇ ಗರ್ಭ ನಿಂತಿತು. ಲೆಕ್ಕ ಸರಿಹೋಯಿತು.

ಆ ಹನ್ನೊಂದು ಜನರಲ್ಲಿ ಯಾರಾದರೂ ಹಜಾರದಲ್ಲಿ ನಡೆದು ಹೋಗುವಾಗ ನನ್ನ ಹೆಸರು ಓದಬಾರದು. ನಿಮ್ಮ ತಂಗಿಯನ್ನೂ ಸೇರಿಸಿ ಹೇಳುತ್ತಿದ್ದೇನೆ. ಅವರಿಗೆ ನನ್ನ ನಮಸ್ಕಾರ ತಿಳಿಸುವ ಧೈರ್ಯ ನನಗಿಲ್ಲ.

ಗೌರವದಿಂದ,
ಕಡ್ಡಿ


ಮಾರ್ಚ್ ೧

ಕಡ್ಡಿಗೆ,

ನಿನ್ನ ಕೈಯಲ್ಲಿ ಏನೂ ಇರಲಿಲ್ಲ.

ಇದನ್ನು ಮೊದಲ ಸಾಲಿನಲ್ಲೇ ಬರೆಯುತ್ತಿದ್ದೇನೆ, ಮುಂದಿನದನ್ನು ನೀನು ಓದದೆ ಹರಿದು ಹಾಕಿದರೂ ಇಷ್ಟು ತಲುಪಲಿ ಎಂದು. ಗಾಜನ್ನು ನಾನು ಬಟ್ಟೆಯಿಂದ ಒರೆಸುತ್ತಿದ್ದೆ.

ಆ ವರ್ಷ ಹಣ ಮಂಜೂರು ಮಾಡುವ ಕಚೇರಿಯಿಂದ ಒಬ್ಬ ತನಿಖಾಧಿಕಾರಿ ಬಂದದ್ದು ನಿನಗೆ ನೆನಪಿರಬೇಕು. ಎಲ್ಲ ಫಳಫಳ ಅನ್ನಬೇಕು ಎಂದು ದೊಡ್ಡ ಡಾಕ್ಟರು ಹಿಂದಿನ ದಿನವೇ ಹೇಳಿದ್ದರು. ನಮ್ಮ ಬಟ್ಟಿ ಇಳಿಸುವ ಪಾತ್ರೆ ಹಳೆಯದು. ತಟ್ಟೆಗಳು ತಾನಾಗಿ ಒಣಗಿದರೆ ನೀರಿನ ಹನಿ ನಿಂತ ಕಡೆ ಮಸುಕಾದ ಉಂಗುರ ಉಳಿಯುತ್ತಿತ್ತು. ನಿನ್ನ ಕಣ್ಣಿಗೆ ಅದು ಕಾಣುತ್ತಲೇ ಇರಲಿಲ್ಲ, ನೀನು ನೋಡುತ್ತಿದ್ದದ್ದು ಒಳಗಿನದನ್ನು. ನನಗೆ ಅದೇ ಕಾಣುತ್ತಿತ್ತು. ಹೊರಗಿನವನೊಬ್ಬ ಬಂದು ಅದನ್ನು ನೋಡಿ, ಇಲ್ಲಿ ತೊಳೆಯುವವಳಿಗೆ ತೊಳೆಯಲು ಬರುವುದಿಲ್ಲ ಎಂದುಕೊಂಡರೆ ಎನ್ನುವುದೇ ತಲೆಯಲ್ಲಿತ್ತು. ಲಾಂಡ್ರಿಯಿಂದ ಆಗಷ್ಟೇ ಬಂದ, ಗಂಜಿ ಹಾಕಿ ಇಸ್ತ್ರಿ ಮಾಡಿದ ಬಿಳಿ ಟವೆಲ್ ತೆಗೆದು ಒಂದೊಂದನ್ನೂ ಒರೆಸಿದೆ.

ತನಿಖಾಧಿಕಾರಿ ಒಂದು ತಟ್ಟೆಯನ್ನು ಎತ್ತಿ ಬೆಳಕಿಗೆ ಹಿಡಿದ. "ಇಂಥ ಗಾಜು ನಾನು ಎಲ್ಲೂ ನೋಡಿಲ್ಲ. ಯಾರು ತೊಳೆಯೋದು?" ಎಂದ. ದೊಡ್ಡ ಡಾಕ್ಟರು ನನ್ನ ಕಡೆ ಕೈ ತೋರಿಸಿದರು. ನಾನು ಅಲ್ಲಿ ದುಡಿದ ಆರು ವರ್ಷದಲ್ಲಿ ಅವರು ನನ್ನ ಕಡೆ ಕೈ ತೋರಿಸಿದ್ದು ಅದೊಂದೇ ಸಲ.

ಮರುದಿನದಿಂದ ನಾನು ಎಲ್ಲವನ್ನೂ ಒರೆಸಿದೆ. ದಿನವೂ. ಬಟ್ಟೆ ತಾಕಬಾರದು ಎಂಬ ನಿನ್ನ ಸಾಲು ಕೊಳಕು ಬಟ್ಟೆಯ ಬಗ್ಗೆ ಎಂದುಕೊಂಡೆ. ನನ್ನ ಕೈಯಲ್ಲಿರುವ ಬಟ್ಟೆ ಕೊಳಕಾಗಿರಲು ಸಾಧ್ಯವೇ ಇಲ್ಲವಲ್ಲ. ಆ ಗಂಜಿಯೂ ಲಾಂಡ್ರಿಯ ಸೋಪುಪುಡಿಯೂ ಕಣ್ಣಿಗೆ ಕಾಣದಷ್ಟು ಉಳಿದರೂ ಆ ಪುಟ್ಟ ಜೀವಕ್ಕೆ ವಿಷ ಎಂದು ನನಗೆ ಹೊಳೆಯಲಿಲ್ಲ.

ನೀನು ಕೇಳಿದ್ದು ನನಗೆ ಮರೆತಿಲ್ಲ. ಬುಧವಾರ. ನೀನು ಕಿಟಕಿಗೆ ಬಂದು ನಿಂತೆ. ಕಣ್ಣಿನ ಕೆಳಗೆ ಕಪ್ಪಾಗಿತ್ತು.

"ಅಕ್ಕಾ, ಒಂದು ಮಾತು. ತೊಳೆದ ಮೇಲೆ ತಟ್ಟೇನ ಬಟ್ಟೇಲಿ ಏನಾದ್ರೂ ಒರೆಸ್ತೀರಾ?"

"ಇಲ್ಲ. ಒರೆಸಬಾರ್ದು ಅಂತ ನೀನೇ ಅಲ್ವಾ ಹೇಳ್ಕೊಟ್ಟಿದ್ದು."

"ಹೌದು. ಸುಮ್ನೆ ಕೇಳ್ದೆ."

ಕಿಟಕಿಯ ಕೆಳಗೆ, ನಿನಗೆ ಕಾಣದ ಕಡೆ, ಟವೆಲ್ ನನ್ನ ಕೈಯಲ್ಲೇ ಇತ್ತು. ನೀನು ಕೇಳಿದ ಕೂಡಲೇ ನನಗೆ ಎಲ್ಲ ತಿಳಿಯಿತು. ಹನ್ನೊಂದರಲ್ಲಿ ಏಳನೆಯವಳು ನನ್ನ ತಂಗಿ. ದೊಡ್ಡ ಡಾಕ್ಟರ ಕಾಲಿಗೆ ಬೀಳುವುದೊಂದು ಬಿಟ್ಟು ಎಲ್ಲ ಮಾಡಿ ಅವಳನ್ನು ಸೇರಿಸಿದ್ದೆ. ಅವಳ ತಟ್ಟೆಯನ್ನು ಉಳಿದವರದಕ್ಕಿಂತ ಹೆಚ್ಚು ಹೊತ್ತು ಒರೆಸಿದ್ದೆ.

ಅವತ್ತೇ ಒರೆಸುವುದು ನಿಲ್ಲಿಸಿದೆ. ಮುಂದಿನ ಹೆಂಗಸು ಬರುವುದಕ್ಕೆ ಮೂರು ವಾರ ಇತ್ತು. ಆಗ ನಿನಗೇ ಗೊತ್ತಾಗುತ್ತದೆ, ಎಲ್ಲ ಸರಿಹೋಗುತ್ತದೆ, ಯಾರೂ ಯಾರಿಗೂ ಏನೂ ಹೇಳಬೇಕಾಗಿಲ್ಲ ಎಂದುಕೊಂಡೆ. ಎರಡನೇ ವಾರ ನೀನು ರಾಜೀನಾಮೆ ಕೊಟ್ಟೆ. ಹೊಸಬನದ್ದು ಒಳ್ಳೆಯ ಕೈಗುಣ ಎಂದು ಎಲ್ಲರೂ ಹೇಳಿದರು. ನಾನೂ ತಲೆಯಾಡಿಸಿದೆ.

ಗಂಡ ಸತ್ತು ಎರಡು ವರ್ಷವಾಗಿತ್ತು. ಮೂರು ಮಕ್ಕಳು. ಕೆಲಸ ಹೋದರೆ ಅವರ ಗತಿ ಏನು ಎಂಬ ಹೆದರಿಕೆಯಲ್ಲಿ ಇಲ್ಲ ಎಂದೆ. ಇದನ್ನು ನೀನು ಅರ್ಥ ಮಾಡಿಕೊಳ್ಳುತ್ತೀಯ ಎಂದು ನಂಬಿದ್ದೇನೆ.

ತಂಗಿಗೆ ಇನ್ನೂ ಹೇಳಿಲ್ಲ.

ನಿನ್ನ
ಗಾಜಿನಕ್ಕ


ಏಪ್ರಿಲ್ ೧೭

ಅಕ್ಕನವರಿಗೆ,

ನಿಮ್ಮ ಪತ್ರ ಬಂದು ಆರು ವಾರ ದಾಟಿತು. ನಾಲ್ಕು ಸಲ ಉತ್ತರ ಬರೆದೆ. ಇದು ಐದನೆಯದು, ಎಲ್ಲಕ್ಕಿಂತ ಚಿಕ್ಕದು.

ಆಸ್ಪತ್ರೆ ಬಿಟ್ಟ ಮೇಲೆ ನಾನು ಗ್ರಂಥಾಲಯದಲ್ಲಿ ಕೆಲಸಕ್ಕೆ ಸೇರಿದೆ. ಪುಸ್ತಕ ಯಾರ ಕೈ ತಾಕಿದರೂ ಸಾಯುವುದಿಲ್ಲ. ಮೂವತ್ತೊಂದು ವರ್ಷ ಅಲ್ಲಿದ್ದೆ. ಮದುವೆಯ ಮಾತು ಬಂದಾಗಲೆಲ್ಲ ತಪ್ಪಿಸಿದೆ. ಅಣ್ಣನಿಗೆ ಮೂರು ಮಕ್ಕಳಾದವು. ಅತ್ತಿಗೆ ಪ್ರತಿ ಸಲವೂ ಮಗುವನ್ನು ನನ್ನ ಕಡೆ ಚಾಚಿದಳು, ಪ್ರತಿ ಸಲವೂ ನಾನು ಒಲೆಯ ಮೇಲೆ ಏನೋ ಇದೆ ಎಂದು ಎದ್ದು ಹೋದೆ. ಇವಳಿಗೆ ಮಕ್ಕಳೆಂದರೆ ಆಗುವುದಿಲ್ಲ ಎಂದು ಅತ್ತಿಗೆ ತೀರ್ಮಾನಿಸಿದಳು. ಆಮೇಲೆ ಚಾಚಲಿಲ್ಲ. ಆ ಮಕ್ಕಳು ದೊಡ್ಡವರಾಗಿದ್ದಾರೆ, ನನ್ನ ಜೊತೆ ಮರ್ಯಾದೆಯಿಂದ ಮಾತಾಡುತ್ತಾರೆ. ಅದಕ್ಕಿಂತ ಹೆಚ್ಚಿಲ್ಲ.

ಇದನ್ನೆಲ್ಲ ನಿಮ್ಮ ಮೇಲೆ ಹೊರಿಸಲು ಬರೆಯುತ್ತಿಲ್ಲ. ನಿಮಗೆ ಗೊತ್ತಿರಲಿ ಎಂದು.

ನನ್ನ ಹೆಸರು ಗೋಡೆಯ ಮೇಲೆ ಹಾಕಲಿ. ನನಗೋಸ್ಕರ ಅಲ್ಲ. ಆ ನೋಟ್‌ಬುಕ್ಕಿನಲ್ಲಿದ್ದ ಪ್ರತಿ ಸಾಲೂ ಸರಿಯಾಗಿತ್ತು ಎನ್ನುವುದಕ್ಕೆ. ಒಪ್ಪಿಗೆ ಪತ್ರ ಇದರ ಜೊತೆಗಿದೆ. ಸಮಾರಂಭಕ್ಕೆ ಬರುವುದಿಲ್ಲ.

ಒಂದು ಪ್ರಶ್ನೆ ಕೇಳುತ್ತೇನೆ. ಅವತ್ತು ನೀವು ಯಾಕೆ ಇಲ್ಲ ಎಂದಿರಿ? ಮಕ್ಕಳ ಹೆಸರು ಹೇಳಬೇಡಿ. ನೀವು ಹೌದು ಎಂದಿದ್ದರೆ ನಾನು ಯಾರ ಹತ್ತಿರವೂ ಬಾಯಿ ಬಿಡುತ್ತಿರಲಿಲ್ಲ. ಗಾಜು ಬದಲಿಸಿದೆ ಎಂದು ದೊಡ್ಡ ಡಾಕ್ಟರಿಗೆ ಹೇಳಿ ಮುಗಿಸುತ್ತಿದ್ದೆ. ಅದು ನಿಮಗೆ ನನಗಿಂತ ಚೆನ್ನಾಗಿ ಗೊತ್ತಿತ್ತು. ಅದರ ಹಿಂದಿನ ವರ್ಷ ನೀವು ಇಡೀ ಒಂದು ಟ್ರೇ ನಳಿಕೆ ಒಡೆದಾಗ ನಾನು ಏನು ಮಾಡಿದ್ದೆ ಎಂದು ನೆನಪಿಸಿಕೊಳ್ಳಿ.

ಉತ್ತರ ಸಿಕ್ಕಿದ ಮೇಲೆ ನಮ್ಮ ನಡುವೆ ಪತ್ರ ಬೇಡ.

ಕಡ್ಡಿ


ಏಪ್ರಿಲ್ ೨೪

ಮುಖ್ಯಸ್ಥೆಯವರಿಗೆ,

ನೀವು ಎಣಿಸಿದಂತೆ ಇದು ಭಾಷಣದ ಕರಡು ಅಲ್ಲ. ನನ್ನ ಹೆಸರನ್ನು ಗೋಡೆಯಿಂದ ತೆಗೆಯಬೇಕು.

ಮೊದಲ ಮಗು ಹುಟ್ಟುವ ಹಿಂದಿನ ವರ್ಷ ಹನ್ನೊಂದು ಹೆಂಗಸರ ಭ್ರೂಣಗಳು ನಾಶವಾದದ್ದು ನಾನು ನಿಯಮ ಮೀರಿ ಗಾಜನ್ನು ಬಟ್ಟೆಯಿಂದ ಒರೆಸಿದ್ದರಿಂದ. ಅದರ ಆಪಾದನೆ ಹೊತ್ತು ಕೆಲಸ ಬಿಟ್ಟವಳು ಆಗಿನ ಟೆಕ್ನಿಷಿಯನ್. ಅವಳ ಒಪ್ಪಿಗೆ ಪತ್ರ ಲಗತ್ತಿಸಿದ್ದೇನೆ. ನಿಮ್ಮ ಹಳೆಯ ಕಪಾಟಿನಲ್ಲಿ ನೀಲಿ ರಟ್ಟಿನ ನೋಟ್‌ಬುಕ್ ಇದ್ದರೆ ತೆಗೆದು ನೋಡಿ. ತೊಳೆಯುವುದು, ಕಾಯಿಸುವುದು, ಕಾವುಪೆಟ್ಟಿಗೆಯಲ್ಲಿಡುವುದು, ಎಷ್ಟು ಗಂಟೆಗೆ ನೋಡುವುದು, ಎಲ್ಲ ಅವಳ ಕೈಬರಹ. ಅವಳ ನಂತರ ಬಂದವನು ಅದನ್ನೇ ಇಟ್ಟುಕೊಂಡು ಕೆಲಸ ಮಾಡಿದ. ಮೊದಲ ಮಗು ಅವಳ ಪುಸ್ತಕದಿಂದ ಹುಟ್ಟಿದ್ದು.

ವಯಸ್ಸಾದವಳು, ಏನೋ ಗೊಂದಲ ಎಂದು ನನ್ನ ಮಗನಿಗೆ ಫೋನ್ ಮಾಡಬೇಡಿ. ನನ್ನ ತಲೆ ನೆಟ್ಟಗಿದೆ.

ಗಾಜು ತೊಳೆಯುತ್ತಿದ್ದವಳು


ಜೂನ್ ೨೦

ಕಡ್ಡಿಗೆ,

ಎರಡು ತಿಂಗಳು ತಡವಾಯಿತು. ಉತ್ತರ ಗೊತ್ತಿಲ್ಲದೆ ಅಲ್ಲ. ಮೊದಲು ಮಾಡಬೇಕಾದದ್ದನ್ನು ಮಾಡಿ ಆಮೇಲೆ ಬರೆಯೋಣ ಎಂದುಕೊಂಡೆ.

ಮುಖ್ಯಸ್ಥೆ ಮಗನಿಗೆ ಫೋನ್ ಮಾಡಿದಳು. ಬೇಡ ಎಂದು ಬರೆದದ್ದಕ್ಕೇ ಮಾಡಿದಳೇನೋ. ಆಮೇಲೆ ತಾನೇ ಬಂದಳು. ಈ ಸಲ ಮೆಟ್ಟಿಲನ್ನು ಒಂದೊಂದಾಗಿ ಹತ್ತಿದಳು. ನೋಟ್‌ಬುಕ್ ಸಿಕ್ಕಿತ್ತು. ಅದನ್ನು ಎದೆಗೊತ್ತಿಕೊಂಡು ಕೂತು, ನಿನ್ನ ಹೆಸರು ಖಂಡಿತ ಹಾಕುತ್ತೇನೆ ಎಂದಳು. ನನ್ನದೂ ಇರಲಿ, ಉಳಿದ ವಿಷಯ ಎತ್ತುವುದು ಬೇಡ, ಆಸ್ಪತ್ರೆಯ ವಕೀಲರೂ ಹಾಗೇ ಹೇಳುತ್ತಾರೆ ಎಂದಳು. ಆ ಹನ್ನೊಂದು ಜನ ಈಗ ಎಲ್ಲಿದ್ದಾರೋ ಏನೋ, ಮರೆತು ಸುಖವಾಗಿದ್ದಾರೆ, ಯಾಕೆ ಕೆದಕುವುದು ಎಂಬುದು ಅವಳ ವಾದ.

"ಅವರಲ್ಲಿ ಒಬ್ಬಳು ಅಡುಗೆಮನೇಲಿ ನಿನಗೆ ಚಹಾ ಮಾಡ್ತಿದ್ದಾಳೆ" ಎಂದೆ.

ತಂಗಿ ಆಗಲೇ ಬಾಗಿಲಲ್ಲಿದ್ದಳು, ಟ್ರೇ ಹಿಡಿದು. ಹೇಳುವುದಾದರೆ ಅವಳೊಬ್ಬಳಿಗೇ ಮೊದಲು ಹೇಳಬೇಕಿತ್ತು. ಮೂರನೆಯವರ ಎದುರು ಹೇಳಿದರೆ ಅವಳು ಕೂಗಾಡುವುದಿಲ್ಲ ಎಂದು ಒಳಗೊಳಗೇ ಎಣಿಸಿದ್ದೆನೋ ಏನೋ. ಅವಳು ಕೂಗಾಡಲಿಲ್ಲ. ಟ್ರೇಯನ್ನು ಮೇಜಿನ ಮೇಲಿಟ್ಟಳು. ಎಲ್ಲವನ್ನೂ ಹೇಳಿದೆ, ನಿನಗೆ ಬರೆದ ಹಾಗೆಯೇ. ಮುಖ್ಯಸ್ಥೆ ಕಿಟಕಿಯ ಹೊರಗೆ ನೋಡುತ್ತಾ ಕೂತಿದ್ದಳು.

"ನನ್ನದೂ ಒರೆಸಿದ್ಯಾ?" ಎಂದಳು ತಂಗಿ.

"ಒರೆಸಿದ್ದೆ."

"ನಿನ್ನ ಮೂರೂ ಮಕ್ಕಳನ್ನ ನಾನು ಸ್ನಾನ ಮಾಡ್ಸಿ ಒರೆಸ್ತಿದ್ದಾಗೆಲ್ಲಾ ನಿಂಗೆ ಗೊತ್ತಿತ್ತು."

"ಗೊತ್ತಿತ್ತು."

ಮುಖ್ಯಸ್ಥೆಗೆ ಸಕ್ಕರೆ ಎಷ್ಟು ಎಂದು ಕೇಳಿ ಹಾಕಿ ಕೊಟ್ಟಳು. ಮರುದಿನ ಎರಡನೇ ಮಗನ ಮನೆಗೆ ಹೊರಟಳು. ಅವನೇ ಬಂದು ಕರೆದುಕೊಂಡು ಹೋದ, ನನ್ನ ಮುಖ ನೋಡಲಿಲ್ಲ. ಅವನನ್ನು ಹೆತ್ತವಳು ನಾನು, ಆದರೆ ಅವನು ಅವಳ ಮಗ. ಅದರಲ್ಲಿ ಅವನ ತಪ್ಪೇನೂ ಇಲ್ಲ. ತಂಗಿಯೂ ನಾನೂ ನಲವತ್ತು ವರ್ಷ ಒಂದೇ ಕೋಣೆಯಲ್ಲಿ ಮಲಗಿದವರು. ಅವಳ ಮಂಚದ ಮೇಲೆ ಈಗ ಮೊಮ್ಮಗಳು ತನ್ನ ಪುಸ್ತಕ ಹರಡಿಕೊಳ್ಳುತ್ತಾಳೆ. ನಾನು ಬೇಡ ಎನ್ನುವುದಿಲ್ಲ. ದೊಡ್ಡ ಮಗ ಊಟಕ್ಕೆ ಕರೆಯುತ್ತಾನೆ, ಎದುರು ಕೂರುತ್ತಾನೆ, ಪತ್ರಿಕೆ ಓದುತ್ತಾನೆ. ಹೊಲಿಸಿದ ಅಂಗಿ ಕಪಾಟಿನಲ್ಲೇ ಇದೆ.

ಸಮಾರಂಭಕ್ಕೆ ನಾನೊಬ್ಬಳೇ ಬಸ್ಸಿನಲ್ಲಿ ಹೋದೆ. ಯಾರೂ ಕರೆದಿರಲಿಲ್ಲ. ಹಿಂದಿನ ಸಾಲಿನಲ್ಲಿ ಕೂತೆ. ಒರೆಸಿದ ವಿಷಯವನ್ನು ಯಾರೂ ಎತ್ತಲಿಲ್ಲ, ನಿನ್ನ ನೋಟ್‌ಬುಕ್ಕನ್ನು ಮಾತ್ರ ಮುಖ್ಯಸ್ಥೆ ಎತ್ತಿ ಹಿಡಿದು ತೋರಿಸಿದಳು. ಗೋಡೆಯ ಮೇಲೆ ದೊಡ್ಡ ಡಾಕ್ಟರ ಕೆಳಗೆ ಮೊದಲನೆಯದೇ ನಿನ್ನ ಹೆಸರು. ಪೂರ್ತಿ ಹೆಸರು. ಅದು ನೀನೇ ಎಂದು ಹೊಳೆಯಲು ನನಗೆ ಒಂದು ಗಳಿಗೆ ಬೇಕಾಯಿತು. ಕೆಳಗೆ ಸಣ್ಣ ಅಕ್ಷರದಲ್ಲಿ, ಪ್ರಯೋಗಾಲಯದ ಕ್ರಮವನ್ನು ರೂಪಿಸಿದವರು ಎಂದಿದೆ. ನಾನು ಕೇಳಿದ್ದ ಹಾಗೆ ನನ್ನ ಹೆಸರು ಇಲ್ಲ. ಎರಡು ಸಲ ನೋಡಿದೆ.

ಆ ಮೊದಲ ಮಗುವೂ ಬಂದಿತ್ತು. ನಲವತ್ತರ ಗಂಡಸು, ನೆತ್ತಿಯಲ್ಲಿ ಕೂದಲು ತೆಳುವಾಗಿದೆ, ಕುಳ್ಳ, ತುಂಬ ಮಾತು. ಎಲ್ಲರ ಕೈ ಕುಲುಕುತ್ತಾ ನನ್ನ ತನಕ ಬಂದ. "ನೀವು ಯಾರ ಕಡೆಯವ್ರಮ್ಮಾ?" ಎಂದ. ನಿನ್ನ ಹೆಸರಿನ ಕಡೆ ಬೆರಳು ತೋರಿಸಿದೆ. ಹಾಗೆ ಹೇಳಲು ನನಗೆ ಅಧಿಕಾರವಿರಲಿಲ್ಲ. "ಅವ್ರಿಗೆ ನನ್ನ ನಮಸ್ಕಾರ ಹೇಳಿ" ಎಂದ. ಅದನ್ನು ತಲುಪಿಸಬೇಕಾದ್ದು ನನ್ನ ಕೆಲಸ. ತಲುಪಿಸಿದ್ದೇನೆ.

ಈಗ ನಿನ್ನ ಪ್ರಶ್ನೆ.

ಮಕ್ಕಳಿಗಾಗಿ ಅಲ್ಲ. ಕೆಲಸ ಹೋಗುವ ಹೆದರಿಕೆಯೂ ಅಲ್ಲ. ಅದನ್ನು ನಾನು ಆಮೇಲೆ ಕಟ್ಟಿಕೊಂಡೆ. ಎಷ್ಟು ವರ್ಷ ಹೇಳಿಕೊಂಡೆನೆಂದರೆ ಮಾರ್ಚ್ ತಿಂಗಳಲ್ಲಿ ನಿನಗೆ ಬರೆಯುವಾಗ ಅದು ನಿಜವೆಂದೇ ಬರೆದೆ. ನೀನು, "ಹೌದು ಅನ್ನಿ, ಸಾಕು" ಎನ್ನುವ ಹಾಗೆ ನಿಂತವಳು, ಯಾರಿಗೂ ಹೇಳುವವಳಲ್ಲ. ಒಡೆದ ನಳಿಕೆಗಳನ್ನು ನಿನ್ನ ಕೋಟಿನ ಜೇಬಿನಲ್ಲಿ ಹಾಕಿಕೊಂಡು ಹೋಗಿ ಎಲ್ಲೋ ಎಸೆದು ಬಂದವಳು. ಅದು ನನಗೆ ಗೊತ್ತಿತ್ತು.

ನಾನು ಇಲ್ಲ ಎಂದದ್ದು, ಪ್ರಶ್ನೆ ಕೇಳಿದವಳು ನೀನು ಎಂಬುದಕ್ಕೆ. ನನಗಿಂತ ಹತ್ತು ವರ್ಷ ಚಿಕ್ಕವಳು, ನನಗಿಂತ ಓದಿದವಳು, ನನ್ನ ಕೆಲಸ ಸರಿಯಾಗಿದೆಯೇ ಎಂದು ನನ್ನನ್ನು ಕೇಳಿದಳಲ್ಲ ಎಂಬುದಕ್ಕೆ. ನನ್ನ ಗಾಜನ್ನು ಹೊರಗಿನವನೊಬ್ಬ ಬೆಳಕಿಗೆ ಹಿಡಿದು ಹೊಗಳಿದ್ದ. ಅದನ್ನು ಪ್ರಶ್ನೆ ಮಾಡಲು ಇವಳು ಯಾರು ಎನಿಸಿತು. ಅಷ್ಟೇ. ಅದಕ್ಕಿಂತ ದೊಡ್ಡ ಕಾರಣ ಇಲ್ಲ. ಇದ್ದಿದ್ದರೆ ನನಗೂ ಹಗುರಾಗುತ್ತಿತ್ತು.

ಆ ಪ್ರಶ್ನೆಯನ್ನು ನಾನು ಎಷ್ಟು ಸಲ ಮತ್ತೆ ಕೇಳಿಸಿಕೊಂಡಿದ್ದೇನೋ ಲೆಕ್ಕವಿಲ್ಲ. ನೀನು ನಿಂತ ರೀತಿ, ದನಿ, ಒಂದೊಂದು ಮಾತು. ಅದರಲ್ಲಿ ಎಲ್ಲಾದರೂ ಒಂದು ಚೂರು ಸೊಕ್ಕು ಸಿಗುತ್ತದಾ ಎಂದು ನಲವತ್ತೊಂದು ವರ್ಷ ಹುಡುಕಿದ್ದೇನೆ ಕಡ್ಡಿ. ಇಲ್ಲ. ನೀನು ತುಂಬಾ ಮೆಲ್ಲಗೆ ಕೇಳಿದ್ದೆ.

ಇದಕ್ಕೆ ಉತ್ತರ ಬೇಡ.
ಗಾಜಿನಕ್ಕ